ಮೊದಲ ಅರ್ಧ ತಾಸಿನ ನೀರು

ಮಳೆ ಬಾರದೇ ಇರಬಹುದಿತ್ತು. ಬಂದರೂ ಕುಷ್ಟಗಿಯಲ್ಲಿ ಸುರಿದು, ಯಲಬುರ್ಗಾಕ್ಕೆ ನಾಲ್ಕು ಹನಿ ಉದುರಿಸಿ, ಕೊಪ್ಪಳದ ಮೇಲೆ ಬರೀ ಗುಡುಗಿ ಹೋಗಬಹುದಿತ್ತು. ಮೇಡಂ ಅವರ ಸ್ಕೂಟರ್ ಮೇಲೆ ನಾವಿಬ್ಬರೂ ಹೋಗುವಾಗ ರೈಲ್ವೆ ಗೇಟು ಬೀಳಬಹುದಿತ್ತು. ಗಾಲಿ ಪಂಕ್ಚರ್ ಆಗಬಹುದಿತ್ತು. ನನ್ನ ತೊಡೆಯ ಮೇಲಿನ ಐಸ್ ಪೆಟ್ಟಿಗೆ ಜಾರಿ ಹಿಂದೆ ಬರುವ ಅದಿರಿನ ಲಾರಿಗೆ ಸಿಗಬಹುದಿತ್ತು, ಪೆಟ್ಟಿಗೆಯ ಹಿಂದೆಯೇ ನಾನೂ ಸಿಗಬಹುದಿತ್ತು. ಕಾರ್ಖಾನೆಯವರು ಹೊಸದಾಗಿ ಕಟ್ಟಿದ ಹೊಂಡದ ದಂಡೆ ಒಡೆಯಬಹುದಿತ್ತು. ದಂಡೆ ನಿಂತರೂ ಹೊಂಡದಿಂದ ಹೊರಬೀಳುವ ನೀರು ಹಿಂದಿನಂತೆಯೇ ಕಪ್ಪಗಿರಬಹುದಿತ್ತು. ಕಡ್ಡಿಪೆಟ್ಟಿಗೆ ನೆನೆದು, ಬಾಟಲಿಗೆ ಮುದ್ರೆ ಒತ್ತಲು ಅರಗು ಕರಗದೇ ಇರಬಹುದಿತ್ತು. ಸಹಿ ಹಾಕಬೇಕಾದ ಮ್ಯಾನೇಜರು ಅಂದೇ ಊರಿಗೆ ಹೋಗಿರಬಹುದಿತ್ತು. ಸಿಡಿಲಂತೂ ಇದ್ದೇ ಇತ್ತು. ಕೊನೆಗೆ, ಎಲ್ಲ ಸರಿಯಾಗಿ, ಹುಸೇನಬೀಯ ಎಮ್ಮೆ ಹಳ್ಳಕ್ಕಿಳಿದು ನೀರು ಮೂಸಿ, ಮುಖ ತಿರುಗಿಸಿ ಬಂದುಬಿಡಬಹುದಿತ್ತು.

ಇದನ್ನೆಲ್ಲ ನಾನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ಒಟ್ಟು ಇಪ್ಪತ್ಮೂರು ಅಂಶಗಳು. ಚಿಂತೆಯನ್ನು ಬರೆದಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದ್ದರು. ನನಗೆ ಹಾಗಾಗಲಿಲ್ಲ, ಹಾಳೆ ಕಳೆದುಹೋದರೆ ಎಂಬ ಚಿಂತೆಯೊಂದು ಹೆಚ್ಚಿಗೆ ಬಂತು. ಮೇಡಂ ಅದನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ಮೇಲಿನಿಂದ ಕೆಳಗಿನವರೆಗೆ ಓದಿದರು.

“ಗುರುಗಳ, ಒಂದು ಬಿಟ್ಟೀರಿ ನೋಡ್ರಿ.”

“ಯಾವುದ್ರಿ?”

“ಆದಾಗ ತಿಳಿತೈತಿ ಬಿಡ್ರಿ.”

ಆ ರಾತ್ರಿ ನಾನು ಹೇಗೆ ಮಲಗಿರಬಹುದು, ನೀವೇ ಯೋಚಿಸಿ.

ಅವರ ಬೀಳ್ಕೊಡುಗೆಯ ದಿನ ಎರಡು ಮಾತು ಹೇಳಿರಿ ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಮೈಕು ಶಾಕ್ ಹೊಡೆಯಬಹುದೆಂಬ ಭಯದಲ್ಲಿ ಒಂದೇ ಮಾತು ಹೇಳಿ ಕೂತೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಬರೆದರೆ ಅವರು ಬೈಯುತ್ತಾರೆ. ಬೇವೂರಿನ ಹೆಣ್ಣುಮಗಳು ಎಂದರೆ ಗೊತ್ತಿದ್ದವರಿಗೆ ಸಾಕು.

ಕೊಪ್ಪಳ ಬೇರೆ ಜಿಲ್ಲೆಯಾದ ಮೇಲೆ ಒಂದೊಂದೇ ಸರ್ಕಾರಿ ಕಚೇರಿ ಊರಿಗೆ ಬಂತು. ಕಾರ್ಖಾನೆಗಳ ಹೊಗೆ, ನೀರು ನೋಡುವ ನಮ್ಮ ಕಚೇರಿ ತಡವಾಗಿ ಬಂತು. ಭಾಗ್ಯನಗರದಲ್ಲೊಂದು ಬಾಡಿಗೆ ಮನೆ. ಅಡುಗೆಮನೆಯೇ ದಾಖಲೆ ಕೋಣೆ. ಖಾರಪುಡಿಯ ಡಬ್ಬಿ ಇರಬೇಕಾದ ಗೂಡಿನಲ್ಲಿ ಫೈಲುಗಳಿದ್ದವು, ಕಟ್ಟೆಯ ಮೇಲೆ ಖಾಲಿ ಬಾಟಲಿಗಳು. ನಾನು ಗುಮಾಸ್ತ. ಮೇಡಂ ಅಧಿಕಾರಿ. ನಡುವೆ ಇರಬೇಕಾದ ಕ್ಷೇತ್ರ ಸಹಾಯಕನ ಹುದ್ದೆ ಖಾಲಿ ಇದ್ದುದರಿಂದ ನೀರಿನ ಮಾದರಿ ಇಡುವ ಐಸ್ ಪೆಟ್ಟಿಗೆ ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಕುಳ್ಳಗಿನ ಹೆಣ್ಣುಮಗಳು. ಸೆರಗು ಟೊಂಕಕ್ಕೆ ಸಿಗಿಸಿ, ಕೈಗೆ ಗಂಡಸರ ದೊಡ್ಡ ಗಡಿಯಾರ ಕಟ್ಟಿಕೊಂಡು ಬರುತ್ತಿದ್ದರು. ಕೈಚೀಲದಲ್ಲಿ ಯಾವಾಗಲೂ ಎರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅದನ್ನು ನಿಂತೇ ತಿನ್ನುತ್ತಿದ್ದರು; ಕಾರ್ಖಾನೆಯವರು ಕೊಟ್ಟ ಚಹಾ ಮಾತ್ರ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಅವರ ಚಪ್ಪಲಿ. ಬಾಟಲಿಗೆ ಮುದ್ರೆ ಹಾಕುವಾಗ ಸುತ್ತುವ ಬಿಳಿ ದಾರವಿರುತ್ತದಲ್ಲ, ಅದರಿಂದ ಚಪ್ಪಲಿಯನ್ನು ಹಿಮ್ಮಡಕ್ಕೆ ಕಟ್ಟಿಕೊಳ್ಳುತ್ತಿದ್ದರು. ಒಮ್ಮೆ ಗಂಗಾವತಿಯ ಅಕ್ಕಿ ಗಿರಣಿಯ ಹಿಂದೆ ಹೊಟ್ಟಿನ ಬೂದಿಯ ಕೆಸರು ಅವರ ಒಂದು ಚಪ್ಪಲಿಯನ್ನು ನುಂಗಿತ್ತಂತೆ. ಒಂದೇ ಚಪ್ಪಲಿಯಲ್ಲಿ ಸಾಹೇಬರ ಮೀಟಿಂಗಿಗೆ ಹೋಗಿ ಕೂತಿದ್ದರಂತೆ. ಅಂದಿನಿಂದ ಯಾವ ಚರಂಡಿಯ ಹತ್ತಿರ ಹೋದರೂ ಮೊದಲು ದಾರ.

“ನೀವೂ ಕಟ್ಟಿಕೋರಿ,” ಅನ್ನುತ್ತಿದ್ದರು ನನಗೆ.

“ಬ್ಯಾಡ್ರಿ, ಮಂದಿ ನಗತಾರ.”

“ಬರಿಗಾಲಲೆ ಬಂದ್ರ ಇನ್ನೂ ಜಾಸ್ತಿ ನಗತಾರ.”

ಇನ್ನೊಂದು ಅಭ್ಯಾಸ. ಯಾವುದೇ ಕಾರ್ಖಾನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಕಂಪೌಂಡಿನ ಪಕ್ಕದ ಗಿಡದ ಎಲೆಯ ಮೇಲೆ ತೋರುಬೆರಳು ಎಳೆದು, ಆ ಬೆರಳನ್ನು ಫೈಲಿನ ಅಂಚಿಗೆ ಒತ್ತುತ್ತಿದ್ದರು. ಕುಷ್ಟಗಿ ಕಡೆಯ ಕಲ್ಲು ಪಾಲಿಶ್ ಮಾಡುವಲ್ಲಿ ಬಿಳಿ ಬೆರಳು, ಗಂಗಾವತಿಯ ಗಿರಣಿಗಳಲ್ಲಿ ಬೂದು ಬೆರಳು, ಕೊಪ್ಪಳದ ಆಚೆಗಿನ ಕಬ್ಬಿಣದ ಕಾರ್ಖಾನೆಯಲ್ಲಿ ಕಾಡಿಗೆಯಂಥ ಬೆರಳು. ಲೆಕ್ಕಪರಿಶೋಧನೆಯವರು ಇದೇನೆಂದು ಕೇಳಿದರೆ ಏನು ಹೇಳುವುದು ಎಂದು ನಾನು ವರ್ಷಗಟ್ಟಲೆ ಹೆದರಿದೆ. ಯಾರೂ ಕೇಳಲಿಲ್ಲ.

ಆ ಕಾಡಿಗೆಯ ಕಾರ್ಖಾನೆಯದೇ ಈ ಕತೆ.

ಅದರ ಅಂಗಳದ ತುಂಬ ಕಲ್ಲಿದ್ದಲಿನ, ಅದಿರಿನ, ಸುಟ್ಟ ಕಿಟ್ಟದ ರಾಶಿಗಳು ಬಯಲಿಗೇ ಬಿದ್ದಿರುತ್ತಿದ್ದವು. ಮಳೆ ಬಂದರೆ ಅಂಗಳದ ನೀರೆಲ್ಲ ಚರಂಡಿಗಿಳಿದು, ಕಂಪೌಂಡಿನ ಕೆಳಗಿನ ಮೋರಿಯಿಂದ ಹೊರಬಿದ್ದು ಹಳ್ಳ ಸೇರುತ್ತಿತ್ತು. ಮೋರಿಯ ಪಕ್ಕದಲ್ಲೇ ಹುಸೇನಬೀಯ ಚಹಾದಂಗಡಿ. ಅವಳಿಗೆ ಎರಡು ಎಮ್ಮೆ. ದೊಡ್ಡದು ಇದ್ದಿಲಿನಂತೆ ಕಪ್ಪು. ಅದಕ್ಕೆ ಅವಳಿಟ್ಟ ಹೆಸರು ಚಾಂದಿ, ಅಂದರೆ ಬೆಳ್ಳಿ. ಮಳೆಗಾಲ ಬಂತೆಂದರೆ ಚಾಂದಿ ಹಳ್ಳದ ನೀರು ಮುಟ್ಟುತ್ತಿರಲಿಲ್ಲ. ಹುಸೇನಬೀ ಊರ ಬೋರಿನಿಂದ ಕೊಡ ಹೊತ್ತು ತಂದು ಕುಡಿಸಬೇಕು.

“ಮೇಡಮ್ಮಾರ, ಬ್ಯಾಸಗ್ಯಾಗ ನೀರಿಲ್ಲ ಅಂತ ಹೊರತೇನಿ, ತಿಳಿತೈತಿ. ಮಳಿಗಾಲದಾಗ ಹಳ್ಳ ತುಂಬಿ ಹರಿವಾಗೂ ಹೊರಬೇಕಂದ್ರ ಇದು ಯಾವ ನ್ಯಾಯ, ಯಾವ ಇನ್ಸಾಫ್ ರಿ?” ಎಂದು ಅವಳು ಮೊದಲ ದಿನವೇ ಕೇಳಿದಳು. “ಟೊಂಕಾ ಹೋಗೇತಿ ನಂದು. ಎಮ್ಮಿ ಮಾರು ಅಂತಾನ ಮಗಾ. ಎಮ್ಮಿ ಮಾರಿ ಚಾದಾಗ ಏನ್ ಹಾಕ್ಲಿ, ಇವರ ಬೂದಿ ಹಾಕ್ಲ್ಯಾ?”

ಮೇಡಂ ಅಂದೇ ಮ್ಯಾನೇಜರ ಎದುರು ಹೋಗಿ ಕೂತರು. ದೂರದೂರಿನಿಂದ ಬಂದ, ಇಸ್ತ್ರಿ ಕೆಡದ ಮನುಷ್ಯ. ಕಿಸೆಯಲ್ಲಿ ಬಂಗಾರದ ಬಣ್ಣದ ಪೆನ್ನು.

“ಮೇಡಂ, ನಮ್ಮದು ಒಂದು ಹನಿ ನೀರನ್ನೂ ಹೊರಗೆ ಬಿಡದ ಕಾರ್ಖಾನೆ. ನಿಮ್ಮ ಕಚೇರಿಯ ತಪಾಸಣಾ ವರದಿಗಳಲ್ಲೇ ಹಾಗಿದೆ.”

ಹೌದು, ಹಾಗೇ ಇತ್ತು. ತಪಾಸಣೆ ಯಾವಾಗಲೂ ಬಿಸಿಲಲ್ಲಿ ನಡೆಯುತ್ತದೆ. ಬಿಸಿಲಲ್ಲಿ ಚರಂಡಿ ಒಣಗಿರುತ್ತದೆ. ಒಣ ಚರಂಡಿ ನೋಡಿ ‘ಹೊರಹರಿವು ಇಲ್ಲ’ ಎಂದು ಬರೆಯುತ್ತಾರೆ. ಆ ವರದಿಗಳನ್ನು ಟೈಪು ಮಾಡಿದವನು ನಾನೇ.

“ಮತ್ತ ಮಳಿ ಬಂದಾಗ ಮೋರಿಯಿಂದ ಹರಿಯೂದು?”

“ಅದು ಮಳೆನೀರು ಮೇಡಂ. ದೇವರ ನೀರು. ನಮ್ಮದಲ್ಲ.”

“ನೀರು ದೇವರದು, ಖರೆ. ಅದರಾಗಿನ ಕರಿ ಯಾರದು?”

ಮ್ಯಾನೇಜರು ಚಹಾ ತರಿಸಲೇ ಎಂದು ಕೇಳಿದರು. ಮೇಡಂ ಎದ್ದರು.

ಹೊರಗೆ ಬಂದು ಸ್ಕೂಟರ್ ಒದೆಯುತ್ತ ಹೇಳಿದರು: “ನಮ್ಮ ಬೇವೂರಾಗ ಮಾಳಿಗಿ ಮನಿ. ಮೊದಲ ಮಳಿ ಬಂದಾಗ ಮಾಳಿಗಿ ನೀರಿಗೆ ಕೊಡಪಾನ ಹಿಡದ್ರ ನಮ್ಮವ್ವ ಬೈತಿದ್ಲು. ‘ತಡಿ, ಮಾಳಿಗಿ ಮೈ ತೊಳಕೊಳ್ಳಲಿ’ ಅಂತ. ವರ್ಷದ ಧೂಳೆಲ್ಲಾ ಮೊದಲ ಅರ್ಧ ತಾಸಿನಾಗ ಹೋಗಿಬಿಡತಿತ್ತು. ಆಮ್ಯಾಲೆ ಬರೂದು ಕುಡಿಯೂ ನೀರು. ಈ ಕಾರ್ಖಾನಿ ಅಂಗಳಾನೂ ಒಂದು ಮಾಳಿಗೀನ ಅಲ್ಲೇನ್ರಿ? ಅವ್ವ ಬ್ಯಾಡ ಅಂದ ನೀರು ಐತೆಲ್ಲಾ, ನಮಗ ಅದು ಬೇಕು.”

ಅವರ ಕಾನೂನು ಜ್ಞಾನವೆಲ್ಲ ಇದೊಂದು ಮಾತಿನಿಂದಲೇ ಹುಟ್ಟಿದ್ದು ಎಂದು ನನಗೆ ಆಗಾಗ ಅನಿಸುತ್ತದೆ. ವರ್ಷದ ಮೊದಲ ಮಳೆ, ಅದರ ಮೊದಲ ಅರ್ಧ ತಾಸು, ಆ ಮೋರಿಯ ಬಾಯಿ. ಅಲ್ಲಿ ತುಂಬಿದ ಬಾಟಲಿ, ಅದರ ಮೇಲೆ ಮ್ಯಾನೇಜರ ಸಹಿ. ಅದೊಂದು ಸಿಕ್ಕರೆ ಮಳೆನೀರಿನ ಮೇಲೂ ಆದೇಶ ಮಾಡಬಹುದು. ಸಿಗದಿದ್ದರೆ ಹುಸೇನಬೀ ಎಮ್ಮೆ ಮಾರಬೇಕು. ಮೇಡಂ ಅವರ ನಿವೃತ್ತಿಗೆ ಉಳಿದಿದ್ದದ್ದು ಮೂರೇ ಮುಂಗಾರು.

ಅದರಲ್ಲಿ ಮೊದಲನೆಯದನ್ನು ನಾನು ಕೆಡಿಸಿದೆ.

ಹೇಳದೆ ಕೇಳದೆ ಹೋದರೆ ಕಾರ್ಖಾನೆಯವರು ಮೇಲಿನವರಿಗೆ ದೂರು ಕೊಡುತ್ತಾರೆ, ವಿಚಾರಣೆಯಾಗುತ್ತದೆ, ಮೇಡಂ ಅವರ ಪಿಂಚಣಿ ನಿಲ್ಲುತ್ತದೆ ಎಂದೆಲ್ಲ ನಾನು ಲೆಕ್ಕ ಹಾಕಿದೆ. ಅವರ ಪಿಂಚಣಿ ಉಳಿಸಲೆಂದು, ಅವರಿಗೆ ತಿಳಿಸದೆ, ಕಚೇರಿಯ ಮಾಮೂಲು ನಮೂನೆಯಲ್ಲಿ ಪತ್ರವೊಂದನ್ನು ಟೈಪು ಮಾಡಿ, ‘ಅಧಿಕಾರಿಯವರ ಪರವಾಗಿ’ ಎಂದು ನನ್ನದೇ ಸಹಿ ಹಾಕಿ, ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ‘ಈ ಸಾಲಿನ ಮೊದಲನೇ ಮಳೆ ಬೀಳುವ ದಿನದಂದು ತಮ್ಮ ಕಾರ್ಖಾನೆಯ ಮಳೆನೀರಿನ ಮಾದರಿ ಸಂಗ್ರಹಿಸಲಾಗುವುದು. ಸಹಕರಿಸಲು ಕೋರಿದೆ.’ ಹೊರಹೋಗುವ ಪತ್ರಗಳ ಪುಸ್ತಕದಲ್ಲಿ ನಂಬರನ್ನೂ ಕೊಟ್ಟೆ. ಕಳ್ಳನ ಮನೆಗೆ ಪೊಲೀಸರೇ ಪತ್ರ ಬರೆದು ಬರುವ ದಿನ ತಿಳಿಸಿದ ಹಾಗಾಯಿತು ಎಂಬುದು ಹೊಳೆದದ್ದು ಮಳೆ ಬಂದ ದಿನ, ಆ ಅಂಗಳ ನೋಡಿದ ಮೇಲೆ.

ಲಗ್ನದ ಮನೆಯಂತೆ ಗುಡಿಸಿದ್ದರು. ರಾಶಿಗಳ ಮೇಲೆ ತಾಡಪತ್ರಿ ಹೊದಿಸಿದ್ದರು. ಚರಂಡಿ ತೊಳೆದಿದ್ದರು. ಮೋರಿಯ ಬಾಯಿಂದ ನೀರು ತಿಳಿಯಾಗಿ, ಕುಡಿಯೋಣವೆನ್ನಿಸುವ ಹಾಗೆ ಬೀಳುತ್ತಿತ್ತು. ಮ್ಯಾನೇಜರು ಕೊಡೆ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದರು. ಕೈಯಲ್ಲಿ ನನ್ನ ಪತ್ರ.

ಮೇಡಂ ಪತ್ರ ನೋಡಿದರು. ನನ್ನನ್ನು ನೋಡಿದರು. ನಾನು ಐಸ್ ಪೆಟ್ಟಿಗೆಯೊಳಗೆ ಹೋಗಿ ಕೂರುವ ಹಾಗಿದ್ದಿದ್ದರೆ ಕೂರುತ್ತಿದ್ದೆ. ಆಮೇಲೆ ಅವರು ಮಾಡಿದ್ದನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಒಂದು ಕ್ಷಣ ಅಂಗಳ ನೋಡುತ್ತ ನಿಂತರು, ಬಗ್ಗಿ ಚಪ್ಪಲಿಗೆ ದಾರ ಕಟ್ಟಿಕೊಂಡರು, ಮೋರಿಗಿಳಿದರು. ಬಾಟಲಿಯನ್ನು ಆ ನೀರಿನಿಂದಲೇ ಮೂರು ಸಲ ತೊಳೆದು, ತುಂಬಿ, ಆಕಾಶಕ್ಕೆ ಹಿಡಿದು ನೋಡಿದರು.

“ಎಷ್ಟ ತಿಳಿ ಐತ್ರಿ! ಹೆಂಗ ಮಾಡಿದ್ರಿ ಇದನ್ನ?”

“ನಾಲ್ಕು ದಿನದಿಂದ ಇಡೀ ಅಂಗಳ ಗುಡಿಸುತ್ತಿದ್ದೇವೆ ಮೇಡಂ,” ಮ್ಯಾನೇಜರು ಹಿಗ್ಗಿದರು. “ರಾಶಿಗಳನ್ನೂ ಮುಚ್ಚಿಸಿದ್ದೇವೆ.”

“ಇಷ್ಟ ಛಲೋ ಕೆಲಸಾ ಮಾಡೀರಿ, ಕಾಗದದ ಮ್ಯಾಲೆ ಬರಬೇಕಲ್ರಿ. ಈ ವರದ್ಯಾಗ ಕೊನೀಗೆ ಷರಾ ಅಂತ ಐತೆಲ್ಲಾ, ಅಲ್ಲಿ ನೀವ ನಿಮ್ಮ ಕೈಯಿಂದ ಒಂದ ಸಾಲು ಬರೀರಿ.”

ಬಂಗಾರದ ಪೆನ್ನು ಹೊರಬಂತು. ‘ಅಂಗಳವನ್ನು ಗುಡಿಸಿ, ರಾಶಿಗಳನ್ನು ಮುಚ್ಚಿದ್ದರಿಂದ ಮೋರಿಯ ನೀರು ಸಂಪೂರ್ಣ ತಿಳಿಯಾಗಿರುತ್ತದೆ.’ ಕೆಳಗೆ ಸಹಿ, ಅದರ ಮೇಲೆ ಕಾರ್ಖಾನೆಯ ಶಿಕ್ಕಾ.

ಕಚೇರಿಯ ಅಡುಗೆಮನೆಯಲ್ಲಿ ಬಾಟಲಿ ಇಳಿಸುತ್ತ, “ತಪ್ಪಾತ್ರಿ,” ಎಂದೆ. ಅಳುವುದೊಂದೇ ಬಾಕಿ.

“ತಪ್ಪ ಮಾಡೀರಿ. ನನಗ ಕೇಳದ ಪತ್ರಾ ಹಾಕಿದ್ದು ತಪ್ಪ,” ಎಂದರು. ರೊಟ್ಟಿ ಮುರಿದು ಒಂದು ತುಂಡು ನನ್ನ ಕೈಗಿಟ್ಟರು. “ಆದ್ರ ಆ ಪತ್ರದ ನಕಲು ಜ್ವಾಪಾನ ಇಡ್ರಿ. ಮುಂದಿನ ವರ್ಷ ಅದಕ್ಕ ಭಾಳ ಬೆಲಿ ಬರತೈತಿ.”

ಮುಂದಿನ ವರ್ಷ ಪತ್ರ ಹೋಗಲಿಲ್ಲ. ಬದಲಿಗೆ ಮೇಡಂ ಹುಸೇನಬೀಯ ಅಂಗಡಿಗೆ ಹೋಗಿ ಅವಳ ಮೊಬೈಲಿನಲ್ಲಿ ನನ್ನ ನಂಬರು ತುಂಬಿದರು. ಮೋಡ ಕಟ್ಟಿದರೆ ಒಂದು ಮಿಸ್ಡ್ ಕಾಲ್, ಗಾಳಿ ಎದ್ದರೆ ಎರಡು, ಹನಿ ಬಿದ್ದರೆ ಮೂರು. ಕೊಪ್ಪಳದಿಂದ ಅಲ್ಲಿಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಎರಡನೇ ಕಾಲ್ ಬಂದೊಡನೆ ಹೊರಟರೆ ಅರ್ಧ ತಾಸಿನೊಳಗೆ ಮೋರಿಯ ಬಾಯಲ್ಲಿರಬಹುದು. ಯಾರೂ ಕಾಲ್ ತೆಗೆಯುವಂತಿಲ್ಲ. ತೆಗೆದರೆ ಹುಸೇನಬೀ ಸಂಸಾರದ ಸುದ್ದಿ ಶುರು ಮಾಡುತ್ತಾಳೆ, ಮಳೆ ಮುಗಿದುಹೋಗುತ್ತದೆ.

ಆ ತಿಂಗಳು ನಾನು ಫೋನನ್ನು ದಿನಕ್ಕೆ ಮೂರು ಸಲ ಚಾರ್ಜು ಮಾಡಿದೆ. ಅಂತೂ ಒಂದು ಮಧ್ಯಾಹ್ನ ಫೋನು ಎರಡು ಸಲ ಹೊಡೆದು ನಿಂತಿತು. ನಾವು ಅಲ್ಲಿ ಮುಟ್ಟುವಾಗ ಮೂರನೆಯದೂ ಹೊಡೆದಿತ್ತು. ಮೋರಿಯಿಂದ ಬೀಳುತ್ತಿದ್ದದ್ದನ್ನು ನೀರೆನ್ನಲು ಬರುತ್ತಿರಲಿಲ್ಲ. ಡಾಂಬರು ಕಾಸಿ ಸುರಿದಂತಿತ್ತು. ಬಾಟಲಿ ತುಂಬಿ ಆಕಾಶಕ್ಕೆ ಹಿಡಿದರೆ ಆಚೆ ಆಕಾಶವೇ ಕಾಣಲಿಲ್ಲ. ಕರೆಕಳಿಸಿದಾಗ ಮ್ಯಾನೇಜರು ಕೊಡೆಯಿಲ್ಲದೆ ಓಡಿಬಂದರು. ಅಂದು ಮೊದಲ ಸಲ ಅವರ ಇಸ್ತ್ರಿ ಕೆಟ್ಟಿತು. ಸಹಿ ಹಾಕಿದರು; ಷರಾದಲ್ಲಿ ಏನನ್ನೂ ಬರೆಯಲಿಲ್ಲ.

ಬೆಂಗಳೂರಿನಲ್ಲಿ ವಿಚಾರಣೆ. ಕಾರ್ಖಾನೆಯ ಪರವಾಗಿ ಮ್ಯಾನೇಜರು, ಕೋಟು ಹಾಕಿಕೊಂಡ ವಕೀಲರು. ನಮ್ಮ ಪರವಾಗಿ ಮೇಡಂ, ಅವರ ಹಿಂದೆ ಫೈಲಿನ ಗಂಟು ಅಪ್ಪಿಕೊಂಡ ನಾನು.

“ಆ ಮೋರಿಗೆ ರಸ್ತೆಯ ನೀರೂ ಬರುತ್ತದೆ, ಅಕ್ಕಪಕ್ಕದ ಹೊಲಗಳ ನೀರೂ ಬರುತ್ತದೆ,” ಎಂದರು ವಕೀಲರು. “ಕಪ್ಪು ನಮ್ಮದೇ ಎನ್ನಲು ಆಧಾರವೇನು?”

ಮೇಡಂ ಎದ್ದು ನಿಂತು ಮೂರು ಕಾಗದಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟರು. ಈ ವರ್ಷದ ವರದಿ. ಹೋದ ವರ್ಷದ ವರದಿ. ನನ್ನ ಪತ್ರದ ನಕಲು.

“ಹೋದ ವರ್ಷಾನೂ ಅದ ಮೋರಿ, ಅದ ರಸ್ತಾ, ಅದ ಹೊಲ ಇದ್ದೂವ್ರಿ. ಆದ್ರ ನೀರು ತಿಳಿ ಇತ್ತು. ಯಾಕ ತಿಳಿ ಇತ್ತು ಅಂತ ಮ್ಯಾನೇಜರ್ ಸಾಹೇಬ್ರು ತಮ್ಮ ಕೈಯಿಂದನ ಬರದಾರ, ಓದ್ರಿ. ಹೋದ ವರ್ಷ ನಮ್ಮ ಪತ್ರಾ ಹೋಗಿತ್ತು, ಅಂಗಳಾ ಗುಡಿಸಿದ್ರು. ಈ ವರ್ಷ ಪತ್ರಾ ಹೋಗಲಿಲ್ಲ, ಗುಡಿಸಲಿಲ್ಲ. ಹೋದ ವರ್ಷ ಇವರು ಸರ್ಕಾರದ ರಸ್ತಾನೂ ಗುಡಿಸಿದ್ರೇನ್ರಿ? ರೈತರ ಹೊಲಾನೂ ಗುಡಿಸಿದ್ರೇನು?”

ವಿಚಾರಣೆ ಮಾಡುತ್ತಿದ್ದ ಹಿರಿಯ ಅಧಿಕಾರಿ ಷರಾವನ್ನು ಗಟ್ಟಿಯಾಗಿ ಓದಿದರು. ‘ಸಂಪೂರ್ಣ ತಿಳಿಯಾಗಿರುತ್ತದೆ’ ಎಂಬಲ್ಲಿಗೆ ಬಂದಾಗ ವಕೀಲರೇ ಮೊದಲು ನಕ್ಕರು. ಆಮೇಲೆ ಮ್ಯಾನೇಜರೂ ನಕ್ಕರು, ಪಾಪ. ನಾನು ನಗಲಿಲ್ಲ. ನನ್ನ ಜೀವಮಾನದ ಅತಿ ದೊಡ್ಡ ಪ್ರಮಾದ ಆ ಮೇಜಿನ ನಟ್ಟನಡುವೆ ಮರ್ಯಾದಸ್ಥರ ಹಾಗೆ ಕೂತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

ಆದೇಶ ಬಂತು. ರಾಶಿಗಳಿಗೆ ಛಾವಣಿ. ಅಂಗಳದ ಸುತ್ತ ಕಟ್ಟಿದ ಚರಂಡಿ. ಚರಂಡಿಯ ಬಾಯಿಗೆ ಕಸ ತಡೆಯುವ ಕಬ್ಬಿಣದ ಜಾಲರಿ. ಅದರಾಚೆ ಹೊಂಡ: ಮೊದಲ ಅರ್ಧ ತಾಸಿನ ನೀರು ಅಲ್ಲೇ ನಿಂತು ತಳಕ್ಕೆ ಕಪ್ಪು ಇಳಿಸಬೇಕು, ಮೇಲಿನ ತಿಳಿ ಮಾತ್ರ ಮೋರಿಗೆ. ಮುಂದಿನ ಮುಂಗಾರಿನ ಮೊದಲ ಮಳೆಯಲ್ಲಿ ಪರೀಕ್ಷೆ. ಬೇವೂರಿನ ಅವ್ವ ಮಾಳಿಗೆಯ ಕೆಳಗೆ ನಿಂತು ಹೇಳಿದ್ದು ಸರ್ಕಾರದ ಮುದ್ರೆ ಹೊತ್ತು ಬಂದಿತ್ತು.

ಆ ಪರೀಕ್ಷೆಯ ದಿನಕ್ಕೇ ನಾನು ಇಪ್ಪತ್ಮೂರು ಅಂಶ ಬರೆದದ್ದು. ಮೇಡಂ ನಿವೃತ್ತರಾಗಲು ಹನ್ನೊಂದು ದಿನ ಉಳಿದಿದ್ದವು.

ಫೋನು ಎರಡು ಸಲ ಹೊಡೆಯಿತು. ರೈಲ್ವೆ ಗೇಟು ತೆರೆದಿತ್ತು. ಗಾಲಿ ಗಟ್ಟಿಯಿತ್ತು. ಲಾರಿಗಳು ದಾರಿ ಬಿಟ್ಟವು. ಮಳೆ ಕೊಪ್ಪಳದ ಮೇಲೇ, ನಮ್ಮ ನೆತ್ತಿಯ ಮೇಲೇ, ಧೋ ಎಂದು ಬಂತು. ಹೊಂಡದ ದಂಡೆ ಬಂಡೆಯ ಹಾಗೆ ನಿಂತಿತ್ತು. ಒಂದು ಕಡೆಯಿಂದ ಅಂಗಳದ ಕರೀ ನೀರು ನುಗ್ಗಿ ಬರುತ್ತಿತ್ತು. ಇನ್ನೊಂದು ಕಡೆ, ತುಂಬಿದ ಮೇಲೆ, ಅಂಚು ದಾಟಿ ತಿಳಿನೀರು ಇಳಿಯುತ್ತಿತ್ತು. ಮೇಡಂ ಬಾಟಲಿ ಎತ್ತಿ ಹಿಡಿದರು. ಅದರ ಮೂಲಕ ಅವರ ಕೈಗಡಿಯಾರದ ಮುಳ್ಳು ನನಗೆ ಕಂಡಿತು. ಕಡ್ಡಿ ಮೊದಲನೇ ಗೀರಿಗೇ ಹತ್ತಿತು. ಅರಗು ಕರಗಿತು. ಮ್ಯಾನೇಜರು ಸಹಿ ಹಾಕಿ, “ಷರಾ ಬರೆಯಲೇ ಮೇಡಂ?” ಎಂದು ತಾವಾಗಿಯೇ ಕೇಳಿ ನಕ್ಕರು. ಅಂದು ಅವರು ತರಿಸಿದ ಚಹಾವನ್ನೂ ಮೇಡಂ ಕುಡಿದರು. ಅದು ಹುಸೇನಬೀಯ ಅಂಗಡಿಯದಾಗಿತ್ತು.

ಅಷ್ಟರಲ್ಲಿ ಕಂಪೌಂಡಿನ ಆಚೆಯಿಂದ ಕೂಗು.

“ಮೇಡಮ್ಮಾರ! ಚಾಂದಿ ಇಳದೈತಿ! ಬರ್ರಿ, ಲಗೂನ ಬರ್ರಿ!”

ಮಳೆಯಲ್ಲೇ ಮೇಡಂ ಓಡಿದರು. ಗೇಟಿನಾಚೆ ಹಳ್ಳದ ದಡಕ್ಕೆ ಹೋಗಿ ನಿಂತರು. ನಾನು ಹಿಂದುಳಿದೆ. ನನ್ನ ಪಟ್ಟಿಯ ಕೊನೆಯ ಅಂಶ ಇನ್ನೂ ಉಳಿದಿತ್ತಲ್ಲ. ಗೇಟಿನವರೆಗೆ ಹೋಗಲು ಪುರುಸೊತ್ತಿಲ್ಲದೆ ಚರಂಡಿಯ ಕಟ್ಟೆಯ ಮೇಲೇ ನಿಂತು, ಕಂಪೌಂಡಿನ ಮೇಲಿಂದ ಕತ್ತು ಚಾಚಿದೆ. ಚಾಂದಿ ಮೊಣಕಾಲುಮಟ್ಟ ನೀರಿನಲ್ಲಿ ನಿಂತಿತ್ತು. ಮೂಸಿತು. ಮುಖ ಎತ್ತಿತು. ಮತ್ತೆ ಬಗ್ಗಿತು; ಬಗ್ಗಿದ್ದು ಏಳಲೇ ಇಲ್ಲ. ಕುಡಿಯಿತು, ಕುಡಿಯಿತು, ಕಿವಿ ಬಡಿದು ಮತ್ತೆ ಕುಡಿಯಿತು. ಹುಸೇನಬೀ ಮಳೆಯಲ್ಲಿ ಖಾಲಿ ಕೊಡವನ್ನು ಡೋಲಿನಂತೆ ಬಡಿಯುತ್ತಿದ್ದಳು. ಮೇಡಂ ಎರಡೂ ಕೈ ಎತ್ತಿ ನನ್ನ ಕಡೆ ತಿರುಗಿ ಏನೋ ಕೂಗಿದರು. ನಾನೂ ಎರಡೂ ಕೈ ಎತ್ತಿದೆ. ಎತ್ತಿ, ನಲವತ್ತೈದು ದಾಟಿದ ಸರ್ಕಾರಿ ಗುಮಾಸ್ತ, ಕಟ್ಟೆಯ ಮೇಲೆ ಒಂದು ಸಲ ಜಿಗಿದೆ.

ಎಡಗಾಲು ಜಾರಿತು. ನಾನು ಬೀಳಲಿಲ್ಲ, ಕಂಪೌಂಡು ಹಿಡಿದುಕೊಂಡೆ. ಚಪ್ಪಲಿ ಬಿತ್ತು. ಕರೀ ನೀರಿನಲ್ಲಿ ದೋಣಿಯಂತೆ ತೇಲುತ್ತ, ತಿರುಗುತ್ತ ಹೋಗಿ, ಹೊಂಡದ ಬಾಯಿಯ ಹೊಸ ಜಾಲರಿಗೆ ಟಪ್ಪೆಂದು ಬಡಿದು ನಿಂತಿತು.

ಮೇಡಂ ಒಳಗೆ ಬಂದರು. ಅವರ ಹಿಮ್ಮಡದಲ್ಲಿ ಬಿಳಿ ದಾರ ಇದ್ದಲ್ಲೇ ಇತ್ತು. ಜಾಲರಿಯನ್ನು ನೋಡಿದರು, ನನ್ನ ಬರಿಗಾಲನ್ನು ನೋಡಿದರು.

“ಇಪ್ಪತ್ನಾಲ್ಕು,” ಎಂದರು.

ಆಮೇಲೆ ಫೈಲು ತೆಗೆದು, ಸೆರಗಿನ ಮರೆಯಲ್ಲಿ ಹಿಡಿದು, ತಮ್ಮ ದುಂಡನೆಯ ಅಕ್ಷರದಲ್ಲಿ ಷರಾ ಬರೆದರು. ಆ ಹಾಳೆ ಈಗಲೂ ಕಚೇರಿಯ ಅಡುಗೆಮನೆಯ ಗೂಡಿನಲ್ಲಿದೆ: ‘ಜಾಲರಿಯನ್ನು ಪರೀಕ್ಷಿಸಲಾಯಿತು. ತೃಪ್ತಿಕರವಾಗಿ ಕೆಲಸ ಮಾಡುತ್ತಿದೆ. ತಡೆದ ವಸ್ತು: ಚಪ್ಪಲಿ, ಎಡಗಾಲಿನದು, ಒಂದು.’